ಕೇರಳದ ಕಾಯಲ್‌ಗಳಲ್ಲಿ ಇಬ್ಬರೇ ಆರು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಜನವರಿಯಲ್ಲಿ ನಾವಿಬ್ಬರೂ ಆಲಪ್ಪುಳ, ಅದರ ಪಕ್ಕದ ಭತ್ತದ ಸೀಮೆ ಕುಟ್ಟನಾಡು, ಕೊಟ್ಟಾಯಂ, ವೈಕಂ ಎಂದು ಆರು ದಿನ ಹೆಚ್ಚುಕಡಿಮೆ ನೀರಿನ ಮೇಲೆಯೇ ಇದ್ದು ಬಂದೆವು. ಬಂದಂದಿನಿಂದ ಅಕ್ಕತಂಗಿಯರು, ನೆರೆಮನೆಯವರು, ನಮ್ಮವರ ಕಚೇರಿಯ ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಹೇಳಿ ಹೇಳಿ ಸಾಕಾದ ಮೇಲೆ ಬರೆದಿಟ್ಟದ್ದು ಇದು. ನಾನು ಕುಂದಾಪುರದ ಕಡೆಯವಳು, ಹೊಳೆ ಕಡಲು ನೋಡಿಕೊಂಡೇ ಬೆಳೆದವಳು. ನಮ್ಮವರು ಚಿತ್ರದುರ್ಗದ ಬಯಲುಸೀಮೆಯವರು, ಈಜು ಬಾರದು. ಉತ್ತರಗಳಲ್ಲಿ ಇಬ್ಬರ ಬುದ್ಧಿಯೂ ಬೆರೆತಿದೆ.

ಹಿನ್ನೀರು ಎಂದರೆ ಅಣೆಕಟ್ಟಿನ ಹಿಂದಿನ ನೀರಲ್ಲವೇ? ಅಲ್ಲಿ ಯಾವ ಅಣೆಕಟ್ಟು?

ಲಿಂಗನಮಕ್ಕಿ ನೋಡಿದ ನಮಗೆ ಹಿನ್ನೀರು ಎಂದೊಡನೆ ಅಣೆಕಟ್ಟು, ಮುಳುಗಿದ ಊರುಗಳು ಕಣ್ಣಿಗೆ ಬರುತ್ತವೆ. ಕೇರಳದ ಹಿನ್ನೀರಿಗೆ ಅಲ್ಲಿನವರು ಕಾಯಲ್ ಎನ್ನುತ್ತಾರೆ. ಘಟ್ಟದಿಂದ ಇಳಿದ ಹೊಳೆಗಳು ಕಡಲಿನ ಹೊಸ್ತಿಲವರೆಗೆ ಬಂದು, ಅಲೆಗಳು ಪೇರಿಸಿದ ಮರಳದಿಬ್ಬದ ಒಳಮಗ್ಗುಲಲ್ಲಿ ಹರಡಿ ನಿಂತ ನೀರು ಅದು. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್, ಮೂವಾಟ್ಟುಪುಳ ಹೊಳೆಗಳು ವೆಂಬನಾಡು ಕಾಯಲ್‌ಗೆ ಬಂದು ಸೇರುತ್ತವೆ. ಉದ್ದ ಸುಮಾರು 96 ಕಿಲೋಮೀಟರ್. ದೇಶದಲ್ಲಿ ಇದಕ್ಕಿಂತ ಉದ್ದದ ಸರೋವರ ಬೇರೆ ಇಲ್ಲ. ಕೊಚ್ಚಿಯ ಬಳಿ ಕಡಲಿಗೆ ಬಾಯಿ ತೆರೆಯುತ್ತದೆ. ಇಂಥ ಕಾಯಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಕಾಲುವೆಗಳೂ ಇವೆ. ಕೊಲ್ಲಂನಿಂದ ಕೊಟ್ಟಪುರಂವರೆಗಿನ 168 ಕಿಲೋಮೀಟರ್ ಜಲಮಾರ್ಗವನ್ನು 1993ರಲ್ಲಿ ರಾಷ್ಟ್ರೀಯ ಜಲಮಾರ್ಗ 3 ಎಂದು ಘೋಷಿಸಿದರು. ನಕಾಶೆಯಲ್ಲಿ ಅದನ್ನು ಬೆರಳಿನಿಂದ ಹಿಂಬಾಲಿಸಿದರೆ ರಸ್ತೆಗಿಂತ ಹಳೆಯ ರಸ್ತೆಯೊಂದು ಕಾಣಿಸುತ್ತದೆ.

ಅಣೆಕಟ್ಟಿನಂಥದ್ದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ತಣ್ಣೀರ್‌ಮುಕ್ಕಂ ಎಂಬಲ್ಲಿ ಕಾಯಲ್‌ಗೆ ಅಡ್ಡಲಾಗಿ ಬಾಗಿಲುಗಳಿರುವ ಒಡ್ಡು ಇದೆ, 1970ರ ದಶಕದ್ದು. ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಒಳನುಗ್ಗಿ ಭತ್ತ ಸುಡದಿರಲಿ ಎಂದು ಅದರ ಬಾಗಿಲು ಮುಚ್ಚುತ್ತಾರೆ. ಮುಚ್ಚಿದರೆ ಗದ್ದೆಯವರಿಗೆ ನೆಮ್ಮದಿ. ಮೀನಿನವರಿಗೆ ಸಂಕಟ, ಏಕೆಂದರೆ ಉಪ್ಪುನೀರಿನೊಂದಿಗೆ ಬರಬೇಕಾದ ಮೀನು, ಸಿಗಡಿ ಹೊರಗೇ ಉಳಿಯುತ್ತವೆ; ನೀರು ನಿಂತು ಅಂತರಗಂಗೆ ಎಂಬ ತೇಲುವ ಕಳೆ ಹಬ್ಬುತ್ತದೆ. ನಮ್ಮ ದೋಣಿಯವನು ಬಲೆ ಬೀಸುವವನು, ಅವನ ಅಣ್ಣ ಗದ್ದೆ ಮಾಡುವವನು. ಬಾಗಿಲು ಯಾವಾಗ ತೆರೆಯಬೇಕು ಎಂಬ ಬಗ್ಗೆ ಪ್ರತಿ ವರ್ಷ ಅವರ ಮನೆಯ ಊಟದಲ್ಲೇ ಜಗಳವಂತೆ.

ಹೌಸ್‌ಬೋಟ್‌ನಲ್ಲಿ ಎಷ್ಟು ರಾತ್ರಿ ಇರಬೇಕು?

ಒಂದು. ಇದನ್ನು ಹೇಳಿದಾಗ ಎಲ್ಲರಿಗೂ ನಿರಾಸೆಯಾಗುತ್ತದೆ, ಆದರೂ ಒಂದೇ.

ಸಾಮಾನ್ಯ ಕ್ರಮ ಹೀಗಿದೆ: ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿಕೊಳ್ಳುತ್ತಾರೆ, ಒಂದಿಷ್ಟು ಸುತ್ತಾಡಿಸಿ ಊಟಕ್ಕೆ ನಿಲ್ಲಿಸುತ್ತಾರೆ, ಸಂಜೆ ಐದೂವರೆಯ ಹೊತ್ತಿಗೆ ದಂಡೆಗೆ ಕಟ್ಟುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿಸುತ್ತಾರೆ. ಕತ್ತಲಾದ ಮೇಲೆ ಹೌಸ್‌ಬೋಟ್ ಚಲಿಸುವುದಿಲ್ಲ, ಏಕೆಂದರೆ ರಾತ್ರಿ ಮೀನುಗಾರರು ಬಲೆ ಹಾಕುತ್ತಾರೆ. ಅಂದರೆ ಇಪ್ಪತ್ತೊಂದು ಗಂಟೆಯಲ್ಲಿ ನೀವು ನಿಜವಾಗಿ ಸಾಗುವುದು ಐದಾರು ಗಂಟೆ. ಎರಡನೆಯ ದಿನವೂ ಹೆಚ್ಚುಕಡಿಮೆ ಅದೇ ನೀರು, ಅದೇ ಮೀನು. ಅಗ್ಗದ ದೋಣಿಗಳಲ್ಲಿ ಏಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ. ಮಧ್ಯಾಹ್ನದ ಸೆಕೆಗೆ ಕೋಣೆಯಲ್ಲಿ ಕೂರುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಕೋಣೆಯಲ್ಲಿ ಕೂರುವುದಾದರೆ ಅಷ್ಟು ದೂರ ಹೋಗುವುದೇಕೆ ಎಂಬುದು ನನ್ನ ಪ್ರಶ್ನೆ.

ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಮಧ್ಯವರ್ತಿಯೊಬ್ಬನ ಮಾತು ನಂಬಿ ಎರಡು ರಾತ್ರಿಗೆ ಹಣ ಕಟ್ಟಿದ್ದೆವು. ಚಿತ್ರದಲ್ಲಿ ತೋರಿಸಿದ ದೋಣಿ ಬೇರೆ, ಜೆಟ್ಟಿಯಲ್ಲಿ ನಿಂತಿದ್ದ ದೋಣಿ ಬೇರೆ. ಅದನ್ನು ಕಟ್ಟಿದ ಜಾಗದಲ್ಲಿ ಎಡಕ್ಕೂ ಬಲಕ್ಕೂ ತಲಾ ನಾಲ್ಕು ಹೌಸ್‌ಬೋಟ್‌ಗಳು. ಒಂದರಲ್ಲಿ ಕಾಲೇಜು ಹುಡುಗರ ಕುಣಿತ, ಇನ್ನೊಂದರಲ್ಲಿ ಜನರೇಟರ್. ಬಸ್ ನಿಲ್ದಾಣದಲ್ಲಿ ಮಲಗಿದಂತಿತ್ತು. ಈ ಸಲ ರಾತ್ರಿ ಎಲ್ಲಿ ಕಟ್ಟುತ್ತೀರಿ ಎಂದು ಮೊದಲೇ ಕೇಳಿ, ಸಣ್ಣ ಕಾಲುವೆಯ ಬದಿಗೆ ಕಟ್ಟುವವರನ್ನು ಹುಡುಕಿದೆವು. ಕೋಣೆಯ ಗೋಡೆಯ ಬಣ್ಣಕ್ಕಿಂತ ಈ ಒಂದು ಪ್ರಶ್ನೆ ಮುಖ್ಯ.

ದೋಣಿ ಆರಿಸುವಾಗ ಇನ್ನೇನು ನೋಡಬೇಕು?

ಅವರು ಕೆಟ್ಟುವಳ್ಳಂ ಎನ್ನುತ್ತಾರೆ: ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪಾಗಿಸುವ ಕೆಲಸ ಅದು. ಕುಟ್ಟನಾಡಿನ ಅಕ್ಕಿಯನ್ನು ಪೇಟೆಗೆ ಸಾಗಿಸುತ್ತಿದ್ದ ಸರಕಿನ ದೋಣಿಗಳವು. ಲಾರಿ ಬಂದು ಅವು ಮೂಲೆಗೆ ಬಿದ್ದ ಮೇಲೆ, 1990ರ ದಶಕದ ಸುಮಾರಿಗೆ, ಬಿದಿರಿನ ಚಾವಣಿ ಹೊದಿಸಿ ಪ್ರವಾಸಿಗರನ್ನು ಕೂರಿಸತೊಡಗಿದರು. ಈಗಿನವುಗಳಲ್ಲಿ ಕೆಲವು ಎರಡು ಮಹಡಿಯ ಮದುವೆ ಛತ್ರದಂತಿವೆ. ಇಬ್ಬರೇ ಹೋಗುವುದಾದರೆ ಒಂದು ಕೋಣೆಯ ಚಿಕ್ಕ ದೋಣಿ ಸಾಕು. ದೊಡ್ಡದು ಸಣ್ಣ ಕಾಲುವೆಗೆ ಇಳಿಯಲಾರದು. ನೋಂದಣಿ ಸಂಖ್ಯೆ ಬರೆದಿದೆಯೇ, ಲೈಫ್ ಜಾಕೆಟ್ ಕೈಗೆ ಸಿಗುವ ಜಾಗದಲ್ಲಿದೆಯೇ, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ, ಈ ಮೂರನ್ನು ವಿಚಾರಿಸಿ. ಕೊನೆಯದನ್ನು ಕೇಳಿದಾಗ ಒಬ್ಬ ಮಾಲೀಕ ಮಾತು ಬದಲಿಸಿದ. ನಾವು ದೋಣಿ ಬದಲಿಸಿದೆವು.

ಉಳಿದ ಐದು ದಿನ ಏನು ಮಾಡಿದಿರಿ?

ಸರ್ಕಾರಿ ದೋಣಿ ಹತ್ತಿದೆವು. ಇದಕ್ಕೇ ಇಷ್ಟುದ್ದ ಬರೆಯಲು ಕುಳಿತದ್ದು.

ಆಲಪ್ಪುಳದ ಬಸ್ ನಿಲ್ದಾಣಕ್ಕೆ ಅಂಟಿಕೊಂಡಂತೆಯೇ ಬೋಟ್ ಜೆಟ್ಟಿ ಇದೆ. ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ಅಲ್ಲಿಂದ ಕುಟ್ಟನಾಡಿನ ಹಳ್ಳಿಗಳಿಗೆ ಬಸ್ಸಿನಂತೆಯೇ ಹೋಗಿಬರುತ್ತವೆ. ನಿಲ್ದಾಣಗಳು, ಟಿಕೆಟ್ಟು, ಜಗಳ, ಎಲ್ಲವೂ ಬಸ್ಸಿನದೇ. ಮುಂದೆ ಚುಕ್ಕಾಣಿ ಹಿಡಿದವನಿಗೆ ಸ್ರಾಂಕ್ ಎನ್ನುತ್ತಾರೆ. ಅವನು ಹಗ್ಗ ಎಳೆದು ಗಂಟೆ ಬಾರಿಸುತ್ತಾನೆ, ಎಂಜಿನ್ ಪಕ್ಕದ ಡ್ರೈವರ್ ಆ ಗಂಟೆ ಕೇಳಿ ವೇಗ ಹೆಚ್ಚುಕಡಿಮೆ ಮಾಡುತ್ತಾನೆ. ದಾರಿ ನೋಡುವವನಿಗೆ ಎಂಜಿನ್ ಇಲ್ಲ, ಎಂಜಿನ್ ಇರುವವನಿಗೆ ದಾರಿ ಕಾಣದು. "ನಮ್ಮ ಸಂಸಾರದ ಹಾಗೆ" ಎಂದರು ನಮ್ಮವರು. ಯಾರು ಯಾರು ಎಂದು ನಾನು ಕೇಳಲಿಲ್ಲ.

ಮೊದಲ ದೋಣಿಯಲ್ಲಿ ನಮ್ಮ ಪಕ್ಕ ಕುಳಿತ ಅಜ್ಜಿಯ ಮಡಿಲಲ್ಲಿ ಕೋಳಿ, ಎದುರಿಗೆ ಶಾಲೆಯ ಸಮವಸ್ತ್ರದ ಆರು ಮಕ್ಕಳು, ಹಿಂದೆ ಅಡುಗೆ ಅನಿಲದ ಎರಡು ಸಿಲಿಂಡರ್. ಪ್ರತಿ ಮನೆಯ ಮುಂದೆ ನೀರಿಗೆ ಇಳಿಯುವ ಮೆಟ್ಟಿಲು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಹಲ್ಲುಜ್ಜುವುದು ಅಲ್ಲಿಯೇ. ಹೌಸ್‌ಬೋಟ್‌ನಿಂದ ನೋಡಿದಾಗ ಇವರೆಲ್ಲ ಚಿತ್ರದಂತೆ ಕಂಡಿದ್ದರು, ನಮಗೆ ಸ್ವಲ್ಪ ನಾಚಿಕೆಯೂ ಆಗಿತ್ತು. ಸರ್ಕಾರಿ ದೋಣಿಯಲ್ಲಿ ಅವರೇ ನಮ್ಮನ್ನು ನೋಡುತ್ತಾರೆ, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಲೆಕ್ಕ ಸರಿಹೋಯಿತು.

ಕೈನಕರಿಯಲ್ಲಿ ಒಂದು ಮನೆಯ ಮೇಲಿನ ಕೋಣೆಯಲ್ಲಿ ಎರಡು ರಾತ್ರಿ ಇದ್ದೆವು. ಹತ್ತಿರದಲ್ಲೇ ಚಾವರ ಭವನ. 2014ರಲ್ಲಿ ಸಂತರೆಂದು ಘೋಷಿತರಾದ ಕುರಿಯಾಕೋಸ್ ಎಲಿಯಾಸ್ ಚಾವರ ಹುಟ್ಟಿದ ಮನೆ. ಬೆಳಿಗ್ಗೆ ಆ ಮನೆಯ ಹುಡುಗ ಜಲ್ಲೆ ಊರಿ ನಡೆಸುವ ಸಣ್ಣ ದೋಣಿಯಲ್ಲಿ ತೋಡುಗಳ, ಅಂದರೆ ಕಿರುಗಾಲುವೆಗಳ, ಒಳಗೆ ಕರೆದೊಯ್ದ. ಎಂಜಿನ್ ಇಲ್ಲದ ದೋಣಿಯಲ್ಲಿ ಮೊದಲ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು, ಮೀನು ಬಿದ್ದ ಸದ್ದು, ಯಾರದೋ ಮನೆಯ ಒಗ್ಗರಣೆ.

ಐದನೆಯ ದಿನ ಆಲಪ್ಪುಳದಿಂದ ಕೊಟ್ಟಾಯಂ ದೋಣಿ. ಸುಮಾರು ಎರಡೂವರೆ ಗಂಟೆ, ತೆರೆದ ಕಾಯಲ್ ದಾಟಿ ಕಾಲುವೆಗೆ ಹೊಕ್ಕುತ್ತದೆ. ಕೊಟ್ಟಾಯಂ ಸಮೀಪಿಸಿದಂತೆ ಕಾಲುವೆಯ ಮೇಲೆ ಎತ್ತುವ ಕಾಲುಸೇತುವೆಗಳಿವೆ. ದೋಣಿ ಬಂದಾಗ ಎತ್ತಿ ದಾರಿ ಬಿಡುತ್ತಾರೆ. ಸೇತುವೆ ಕೆಟ್ಟಿದ್ದರೆ ಅಥವಾ ಅಂತರಗಂಗೆ ತುಂಬಿದ್ದರೆ ಊರಿಗೆ ಮೊದಲೇ ಸಿಗುವ ಕಾಂಜಿರಂನಲ್ಲೇ ಇಳಿಸಿಬಿಡುತ್ತಾರೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಮಾರನೆಯ ದಿನ ವೈಕಂ. ಅಲ್ಲಿಂದ ಎದುರು ದಂಡೆಯ ತವಣಕ್ಕಡವಿಗೆ ಓಡುವ "ಆದಿತ್ಯ" ದೇಶದ ಮೊದಲ ಸೌರಶಕ್ತಿಯ ದೋಣಿ, 2017ರಲ್ಲಿ ಶುರುವಾದದ್ದು. ಎಂಜಿನ್ನಿನ ಗದ್ದಲವಿಲ್ಲ, ಡೀಸೆಲ್ ವಾಸನೆಯಿಲ್ಲ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರೂ ನಡೆಯುವ ಹಕ್ಕಿಗಾಗಿ ನಡೆದ ವೈಕಂ ಸತ್ಯಾಗ್ರಹದ ಕಾಲಕ್ಕೆ, 1925ರ ಮಾರ್ಚ್‌ನಲ್ಲಿ, ಗಾಂಧೀಜಿ ಈ ಊರಿಗೆ ಬಂದಿಳಿದದ್ದೂ ದೋಣಿಯಲ್ಲೇ.

ಗದ್ದೆ ನೀರಿಗಿಂತ ಕೆಳಗಿದೆಯಂತೆ, ನಿಜವೇ?

ನಿಜ. ದೋಣಿಯಲ್ಲಿ ಕುಳಿತು ಪಕ್ಕಕ್ಕೆ ನೋಡಿದರೆ ಗದ್ದೆ ನಿಮ್ಮ ಕಾಲಿಗಿಂತ ಕೆಳಗೆ ಕಾಣುತ್ತದೆ. ತಲೆ ಒಂದು ಕ್ಷಣ ಒಪ್ಪುವುದಿಲ್ಲ. ಕಾಯಲ್‌ನ ತಳದ ಕೆಸರನ್ನೇ ಮೇಲೆತ್ತಿ ಬದು ಕಟ್ಟಿ, ಒಳಗಿನ ನೀರನ್ನು ಹೊರಚೆಲ್ಲಿ ಗದ್ದೆ ಮಾಡಿದ್ದಾರೆ. ಮೊದಲು ಚಕ್ರ ತುಳಿದು ನೀರು ಎತ್ತುತ್ತಿದ್ದರು. ಆಮೇಲೆ "ಪೆಟ್ಟಿಯುಂ ಪರಯುಂ" ಎಂಬ ಮರದ ಪೆಟ್ಟಿಗೆಯ ಪಂಪು ಬಂತು. ಚಿತ್ತಿರ, ಮಾರ್ತಾಂಡಂ, ರಾಣಿ ಎಂದು ರಾಜಮನೆತನದ ಹೆಸರಿಟ್ಟ ಗದ್ದೆಬಯಲುಗಳನ್ನು 1940ರ ದಶಕದಲ್ಲಿ ಕಾಯಲ್‌ನಿಂದ ಕಸಿದುಕೊಂಡವರು ಜೋಸೆಫ್ ಮುರಿಕ್ಕನ್. ಜನ ಅವರನ್ನು ಕಾಯಲ್ ರಾಜ ಎಂದೇ ಕರೆದರು. ಕೆಸರು ಹೊತ್ತವರಿಗೆ ಅಂಥ ಬಿರುದು ಸಿಕ್ಕಂತಿಲ್ಲ. ಸಮುದ್ರಮಟ್ಟಕ್ಕಿಂತ ಕೆಳಗಿನ ಈ ಬೇಸಾಯಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ.

ಬದು ಒಡೆದರೆ ಒಂದು ಬಯಲಿಗೆ ಬಯಲೇ ಹೋಯಿತು. 2018ರ ಆಗಸ್ಟ್ ಪ್ರವಾಹದಲ್ಲಿ ಇಡೀ ಕುಟ್ಟನಾಡು ಮುಳುಗಿ ಜನ ಊರು ಬಿಡಬೇಕಾಯಿತು. ನಾವಿದ್ದ ಮನೆಯ ಗೋಡೆಯಲ್ಲಿ ಆ ನೀರಿನ ಗೆರೆ ಈಗಲೂ ಇದೆ, ನನ್ನ ಭುಜದ ಎತ್ತರಕ್ಕೆ. ಸುಣ್ಣ ಬಳಿದರೂ ಆ ಗೆರೆಯನ್ನು ಬಿಟ್ಟು ಬಳಿದಿದ್ದಾರೆ.

ಈಜು ಬಾರದವರು ಹೋಗಬಹುದೇ?

ನಮ್ಮವರೇ ಹೋಗಿದ್ದಾರೆ. ಆದರೆ ಈ ನೀರು ಸಾಧು ಎಂದು ಯಾರೂ ಭಾವಿಸಬಾರದು. 1924ರ ಜನವರಿಯಲ್ಲಿ ಕೊಲ್ಲಂನಿಂದ ಆಲಪ್ಪುಳಕ್ಕೆ ಬರುತ್ತಿದ್ದ ರಿಡೀಮರ್ ಎಂಬ ದೋಣಿ ಪಲ್ಲನ ಎಂಬಲ್ಲಿ ಮಗುಚಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಕೊಂಡರು. 2002ರ ಜುಲೈಯಲ್ಲಿ ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೋಗುತ್ತಿದ್ದ ದೋಣಿ ಮುಳುಗಿ 29 ಜನ ಸತ್ತರು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ. ದೋಣಿಯಲ್ಲಿ ಜನ ಹೆಚ್ಚಾಗಿ ಕಂಡರೆ ಮುಂದಿನದಕ್ಕೆ ಕಾಯಿರಿ. ಜಾಕೆಟ್ ಹಾಕಿಕೊಳ್ಳಲು ಸಂಕೋಚ ಬೇಡ. ನಮ್ಮವರು ಸಣ್ಣ ದೋಣಿಯಲ್ಲಿ ಜಾಕೆಟ್ ತೊಟ್ಟು ಕುಳಿತಾಗ ದಂಡೆಯ ಮಕ್ಕಳು ನಕ್ಕರು, ಇವರೂ ನಕ್ಕರು, ಜಾಕೆಟ್ ಮಾತ್ರ ಬಿಚ್ಚಲಿಲ್ಲ. ರಾತ್ರಿ ಹೌಸ್‌ಬೋಟ್‌ನ ಅಂಚಿನಲ್ಲಿ ಓಡಾಡುವಾಗ ಎಚ್ಚರವಿರಲಿ, ಹಲಗೆ ಇಬ್ಬನಿಗೆ ಜಾರುತ್ತದೆ.

ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಮೊದಲೇ ಹೇಳಿದರೆ ಸಿಗುತ್ತದೆ. ಅವಿಯಲ್, ಓಲನ್, ತೋರನ್, ಸಾಂಬಾರು, ಹಪ್ಪಳ. ಅಕ್ಕಿ ನಮ್ಮ ಕುಚ್ಚಲಕ್ಕಿಯಂತೆ ಕೆಂಪು, ದಪ್ಪ. ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಕರಾವಳಿಯವರಿಗೆ ಮನೆಯೂಟ, ಬಯಲುಸೀಮೆಯವರಿಗೆ ಎರಡು ದಿನ ಬೇಕು. ಮೀನು ತಿನ್ನುವವರಿಗೆ ಕರಿಮೀನು ಪೊಳ್ಳಿಚ್ಚದು, ಅಂದರೆ ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಕಾಯಿಸಿದ್ದು. ಕರಿಮೀನು ಕೇರಳದ ರಾಜ್ಯ ಮೀನು, ಮುಳ್ಳು ಬಹಳ. ಮರಗೆಣಸು ಮತ್ತು ಮೀನುಸಾರು ನನಗೆ ಅದಕ್ಕಿಂತ ಹಿಡಿಸಿತು. ಅಂಬಲಪ್ಪುಳ ಶ್ರೀಕೃಷ್ಣ ದೇವಸ್ಥಾನದ ಹಾಲು ಪಾಯಸವನ್ನು ಬಿಡಬೇಡಿ. ಹಾಲು, ಅಕ್ಕಿ, ಸಕ್ಕರೆ ಅಷ್ಟೇ. ಗಂಟೆಗಟ್ಟಲೆ ಕಾಯಿಸಿ ನಸುಗೆಂಪಾಗಿರುತ್ತದೆ. ತಡವಾಗಿ ಹೋದರೆ ಮುಗಿದಿರುತ್ತದೆ. ಆ ದಾರಿಯಲ್ಲೇ ಕರುಮಾಡಿಯಲ್ಲಿ ಅರ್ಧ ದೇಹ ಕಳೆದುಕೊಂಡ ಕರಿಕಲ್ಲಿನ ಬುದ್ಧ ಕುಳಿತಿದ್ದಾನೆ, ಊರವರಿಗೆ ಅವನು ಕರುಮಾಡಿಕುಟ್ಟನ್. ನೋಡುವವರು ನಾವಿಬ್ಬರೇ ಇದ್ದೆವು.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಕ್ರಿಸ್‌ಮಸ್ ವಾರ ಮಾತ್ರ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಪುಂಜ ಎಂಬ ಭತ್ತದ ಬೆಳೆಯ ಕೊಯ್ಲು, ಕೊಯ್ದ ಗದ್ದೆಗೆ ಸಾವಿರಾರು ಬಾತುಕೋಳಿ ಬಿಡುತ್ತಾರೆ. ನೋಡಲು ಚಂದ, ಆದರೆ ಸೆಕೆ ತಡೆಯಲಾಗದು. ಮಳೆಗಾಲದಲ್ಲಿ ಕಾಯಲ್ ಬಲು ಸುಂದರ ಎನ್ನುವವರಿದ್ದಾರೆ. ಮೇಲೆ ಬರೆದ 2002ರ ಜುಲೈ, 2018ರ ಆಗಸ್ಟ್ ತಾರೀಖುಗಳನ್ನು ಅವರಿಗೆ ಓದಿ ಹೇಳಿ. ಪುನ್ನಮಡ ಕಾಯಲ್‌ನ ನೆಹರೂ ಟ್ರೋಫಿ ಹಾವುದೋಣಿ ಸ್ಪರ್ಧೆ ನೋಡಲೇಬೇಕೆಂದರೆ ಆಗಸ್ಟ್ ಹೊತ್ತಿಗೆ ಹೋಗಬೇಕು. ದಿನ ಬದಲಾಗುವುದುಂಟು, ಖಚಿತಪಡಿಸಿಕೊಂಡೇ ರೈಲಿನ ಟಿಕೆಟ್ ಮಾಡಿಸಿ.

ಹೋಗುವುದು ಹೇಗೆ?

ಮಂಗಳೂರಿನಿಂದ ಮಾವೇಲಿ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಕು ಹರಿಯುವ ಮೊದಲೇ ಆಲಪ್ಪುಳ ಮುಟ್ಟಿಸುತ್ತದೆ. ಬೆಂಗಳೂರಿನಿಂದ ಎರ್ನಾಕುಲಂ ಅಥವಾ ಕೊಟ್ಟಾಯಂವರೆಗೆ ರೈಲು ಹಿಡಿಯಿರಿ. ಕೊಟ್ಟಾಯಂನಲ್ಲಿ ಇಳಿದರೆ ಅಲ್ಲಿಂದಲೇ ದೋಣಿಯಲ್ಲಿ ಆಲಪ್ಪುಳಕ್ಕೆ ಹೋಗಬಹುದು.

ಖರ್ಚು?

ಹೌಸ್‌ಬೋಟ್‌ಗೆ, ವಾರದ ನಡುವಿನ ದಿನ, ಒಂದು ಕೋಣೆ, ಮೂರು ಹೊತ್ತಿನ ಊಟ ಸೇರಿ ನಾವು ಕೊಟ್ಟದ್ದು 9,000 ರೂಪಾಯಿ. ಸರ್ಕಾರಿ ದೋಣಿಯಲ್ಲಿ ಆಲಪ್ಪುಳದಿಂದ ಕೊಟ್ಟಾಯಂವರೆಗೆ ಒಬ್ಬರಿಗೆ ಆಗುವುದು ಬೆಂಗಳೂರಿನ ಹೋಟೆಲಿನ ಒಂದು ಮಸಾಲೆ ದೋಸೆಗಿಂತ ಕಡಿಮೆ. ಎರಡರಲ್ಲಿ ಯಾವುದು ಹೆಚ್ಚು ನೆನಪಿದೆ ಎಂಬುದನ್ನು ಮೇಲೆಯೇ ಬರೆದಿದ್ದೇನೆ.

ಸೊಳ್ಳೆ?

ಇವೆ. ಸಂಜೆ ಆರರಿಂದ ಎಂಟು ಅವುಗಳ ಹೊತ್ತು. ಪೂರ್ತಿ ತೋಳಿನ ಅಂಗಿ, ಹಚ್ಚಿಕೊಳ್ಳುವ ಮುಲಾಮು.

ಮಲಯಾಳಂ ಬಾರದಿದ್ದರೆ?

ಕನ್ನಡವನ್ನೇ ನಿಧಾನವಾಗಿ ಮಾತಾಡಿ, ಅರ್ಧ ತಿಳಿಯುತ್ತದೆ. ಆಲಪ್ಪುಳ ಪೇಟೆಯಲ್ಲಿ ಕೊಂಕಣಿ ಮಾತಾಡುವ ಮನೆಗಳಿವೆ. ಕುಂದಾಪುರದಲ್ಲಿ ಕಲಿತ ನನ್ನ ನಾಲ್ಕು ಕೊಂಕಣಿ ಮಾತಿಗೆ ಒಂದು ಅಂಗಡಿಯಲ್ಲಿ ಚಹಾ ಸಿಕ್ಕಿತು.

ಆರು ದಿನ ಇಬ್ಬರೇ ಬೇಸರವಾಗಲಿಲ್ಲವೇ?

ಮೂರನೆಯ ದಿನ ಆಯಿತು. ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿತ್ತು, ನೋಡಬೇಕಾದದ್ದೆಲ್ಲ ನೋಡಿದಂತೆ ಅನಿಸಿತ್ತು, ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೊಸದಾಗಿ ಹೇಳಲು ಏನಿರುತ್ತದೆ? ಜಗುಲಿಯಲ್ಲಿ ಕುಳಿತು ಎದುರು ದಂಡೆಯ ಹೆಂಗಸು ಕಪ್ಪೆಚಿಪ್ಪು ಬೇಯಿಸಿ ಮಾಂಸ ಬೇರೆ, ಚಿಪ್ಪು ಬೇರೆ ಮಾಡುವುದನ್ನು ಎರಡು ಗಂಟೆ ನೋಡಿದೆವು. ಆಮೇಲೆ ನಮ್ಮವರು, ಎಂದೂ ಹೇಳದವರು, ತಮ್ಮೂರಿನ ಕೆರೆ ಒಣಗಿದ ವರ್ಷದ ಕಥೆ ತೆಗೆದರು. ಅವರ ತಂಗಿ ನೀರು ತರಲು ಎಷ್ಟು ದೂರ ಹೋಗುತ್ತಿದ್ದಳು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದಕ್ಕೆ ಕೇರಳಕ್ಕೇ ಹೋಗಬೇಕೇ? ನಮ್ಮ ಕರಾವಳಿಯಲ್ಲಿ ಇಲ್ಲವೇ?

ಇದೆ. ಉಡುಪಿಯ ಕೋಡಿ ಬೆಂಗ್ರೆ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ. ಕುದುರುಗಳನ್ನು, ಅಂದರೆ ಹೊಳೆಯ ನಡುಗಡ್ಡೆಗಳನ್ನು, ಸುತ್ತಿ ಕಾಂಡ್ಲಾ ಕಾಡಿನ ನಡುವೆ ಹೋಗುವ ಒಂದೆರಡು ಗಂಟೆಯ ದೋಣಿ ಸುತ್ತಾಟಕ್ಕೆ ಇವು ಯಾವುದಕ್ಕೂ ಕಡಿಮೆಯಿಲ್ಲ. ಅಘನಾಶಿನಿಯ ಗಜನಿ ಗದ್ದೆಯ ಕಗ್ಗ ಭತ್ತ ಕಂಡವರಿಗೆ ಕೇರಳದ ಪೊಕ್ಕಾಳಿ ಅದರ ದಾಯಾದಿಯಂತೆ ಕಾಣುತ್ತದೆ, ಎರಡೂ ಉಪ್ಪುನೀರು ತಡೆಯುವ ತಳಿಗಳು. ಆದರೆ ದಿನಗಟ್ಟಲೆ ಒಂದು ಊರಿನಿಂದ ಇನ್ನೊಂದಕ್ಕೆ ನೀರಿನ ಮೇಲೆಯೇ ಸಾಗುವ ದಾರಿ ನಮ್ಮಲ್ಲಿಲ್ಲ. ನಮ್ಮ ಹೊಳೆಗಳು ಒಂದೊಂದಾಗಿಯೋ, ಪಂಚಗಂಗಾವಳಿಯಂತೆ ಕೆಲವು ಕೂಡಿಯೋ, ಬೇರೆ ಬೇರೆ ಅಳಿವೆಗಳಲ್ಲಿ ಕಡಲಿಗೆ ಬೀಳುತ್ತವೆ. ಆಲಪ್ಪುಳದ ಜಂಗುಳಿ ಬೇಡವೆನ್ನುವ ಮಂಗಳೂರಿನ ಕಡೆಯವರಿಗೆ ಕಾಸರಗೋಡು ಜಿಲ್ಲೆಯ ನೀಲೇಶ್ವರ, ವಲಿಯಪರಂಬದ ಕಾಯಲ್ ಹತ್ತಿರ.

ನಿಮ್ಮವರ ನೀರಿನ ಭಯ ಹೋಯಿತೇ?

ಇಲ್ಲ. ಈಗಲೂ ದೋಣಿಯ ನಟ್ಟನಡುವಿನ ಸೀಟೇ ಬೇಕು.